ಜಾಕ್ ಮೊನೊ

ಜಾಕ್ ಲೂಸಿಯೆನ್ ಮೊನೊ (9 ಫೆಬ್ರವರಿ 1910 – 31 ಮೇ 1976) ಫ್ರಾನ್ಸಿನ ಜೀವರಸಾಯನ ವಿಜ್ಞಾನಿ. ಇವರ ಹೆಸರನ್ನು ಮೊನಾಡ್ ಎಂದೂ ಉಚ್ಚರಿಸುವುದುಂಟು. ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯವು ಸಕ್ಕರೆಯನ್ನು ಬಳಸುವ ಬಗೆಯನ್ನು ಅಭ್ಯಸಿಸಿ, ವಂಶವಾಹಿಗಳ ನಿಯಂತ್ರಣವನ್ನು ವಿವರಿಸಿದರು. 1965ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಫ್ರಾಂಸ್ವಾ ಜಾಕೋಬ್ ಮತ್ತು ಆಂದ್ರೆ ಲ್ವೋಫ್ ಅವರೊಂದಿಗೆ ಹಂಚಿಕೊಂಡರು.

ಬಾಲ್ಯ ಮತ್ತು ಶಿಕ್ಷಣ

ಮೊನೊ ಪ್ಯಾರಿಸ್ಸಿನಲ್ಲಿ ಜನಿಸಿದರು. ತಂದೆ ಚಿತ್ರಕಲಾವಿದರು, ತಾಯಿ ಅಮೆರಿಕದವರು. ಕಾನ್ ನಗರದಲ್ಲಿ ಬೆಳೆದ ಇವರು ಉನ್ನತ ಶಿಕ್ಷಣಕ್ಕಾಗಿ ಪ್ಯಾರಿಸ್ಸಿಗೆ ಮರಳಿದರು. ಚೆಲ್ಲೊ ವಾದನದಲ್ಲೂ ಪರಿಶ್ರಮವಿತ್ತು.

ಎರಡು ಸಕ್ಕರೆಗಳ ಪ್ರಯೋಗ

ಗ್ಲೂಕೋಸ್ ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಎರಡನ್ನೂ ಒಟ್ಟಿಗೆ ಒದಗಿಸಿದಾಗ ಬ್ಯಾಕ್ಟೀರಿಯವು ಮೊದಲು ಗ್ಲೂಕೋಸನ್ನು ಮುಗಿಸುತ್ತದೆ. ಬಳಿಕ ಬೆಳವಣಿಗೆ ಸ್ವಲ್ಪ ಹೊತ್ತು ನಿಂತು, ಲ್ಯಾಕ್ಟೋಸ್ ಬಳಸುತ್ತ ಮತ್ತೆ ಆರಂಭವಾಗುತ್ತದೆ. ಈ ವಿದ್ಯಮಾನವು ಮೊನೊ ಅವರ 1941ರ ಡಾಕ್ಟರೇಟ್ ಪ್ರಬಂಧದ ಭಾಗವಾಗಿತ್ತು.

ಯುದ್ಧಕಾಲ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿದಾಗ ಮೊನೊ ರಹಸ್ಯ ಪ್ರತಿರೋಧ ಚಳವಳಿಯನ್ನು ಸೇರಿದರು. ತಮ್ಮ ಪ್ರಯೋಗಾಲಯ ಅಪಾಯಕರವಾದಾಗ ಪಾಶ್ಚರ್ ಸಂಸ್ಥೆಯಲ್ಲಿ ಲ್ವೋಫ್ ಅವರ ಆಶ್ರಯ ಪಡೆದು ಸಂಶೋಧನೆ ಮುಂದುವರಿಸಿದರು. ಅಲ್ಲಿ ಆಲಿಸ್ ಓದ್ಯುರೊ ಅವರೊಡನೆ, ಲ್ಯಾಕ್ಟೋಸನ್ನು ಬಳಸಲಾರದ ಇ. ಕೋಲಿ ತಳಿಯೊಂದನ್ನು ಪರೀಕ್ಷಿಸಿದರು. ಆ ತಳಿಯಲ್ಲಿ ಅಪರೂಪಕ್ಕೆ ಕೆಲವು ಕೋಶಗಳು ಉತ್ಪರಿವರ್ತನೆಯಿಂದ ಆ ಸಾಮರ್ಥ್ಯ ಪಡೆದು ತಮ್ಮ ಸಂತತಿಗೂ ದಾಟಿಸುತ್ತಿದ್ದವು. ಆದರೂ ಲ್ಯಾಕ್ಟೋಸ್ ಇದ್ದಾಗ ಮಾತ್ರ ಅದನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತಿದ್ದವು. ಸಾಮರ್ಥ್ಯವನ್ನು ಕೊಡುವುದು ವಂಶವಾಹಿ, ಅದನ್ನು ಪ್ರಕಟಗೊಳಿಸುವುದು ಪರಿಸರ ಎಂಬುದು ಇದರಿಂದ ಸ್ಪಷ್ಟವಾಯಿತು.

ಪರಿಸರವೇ ಆನುವಂಶಿಕ ಗುಣಗಳನ್ನು ನೇರವಾಗಿ ಬದಲಿಸುತ್ತದೆಂಬ ಸೋವಿಯತ್ ಕೃಷಿತಜ್ಞ ಲೈಸೆಂಕೊನ ವಾದವನ್ನು ಮೊನೊ 1948ರಲ್ಲಿ 'ಕೊಂಬಾ' ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು. ಯುದ್ಧಕಾಲದಲ್ಲಿ ಸ್ವತಃ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ್ದ ಅವರಿಗೆ ಇದು ಸುಲಭದ ನಿಲುವಾಗಿರಲಿಲ್ಲ.

ಲ್ಯಾಕ್ ಓಪೆರಾನ್

ಮುಂದೆ ಹಲವು ಉತ್ಪರಿವರ್ತಿತ ತಳಿಗಳನ್ನು ಹೋಲಿಸಿ ನೋಡಲಾಯಿತು. ಕೆಲವಕ್ಕೆ ಕಿಣ್ವವೇ ಇರಲಿಲ್ಲ. ಕೆಲವಕ್ಕೆ ಕಿಣ್ವವಿದ್ದರೂ ಲ್ಯಾಕ್ಟೋಸನ್ನು ಒಳಗೆ ಸೆಳೆದುಕೊಳ್ಳಲಾಗುತ್ತಿರಲಿಲ್ಲ. ಇನ್ನು ಕೆಲವು ಲ್ಯಾಕ್ಟೋಸ್ ಇಲ್ಲದಿದ್ದರೂ ಕಿಣ್ವವನ್ನು ತಯಾರಿಸುತ್ತಿದ್ದವು. ಕೊನೆಯ ಬಗೆಯಲ್ಲಿ ತಡೆಯೊಡ್ಡುವ ನಿಯಂತ್ರಕ ವಂಶವಾಹಿ ಕೆಟ್ಟಿತ್ತು. ಈ ಆಧಾರದ ಮೇಲೆ ಜಾಕೋಬ್ ಮತ್ತು ಮೊನೊ 1961ರಲ್ಲಿ ಓಪೆರಾನ್ ಮಾದರಿಯನ್ನು ವಿಸ್ತಾರವಾಗಿ ಮಂಡಿಸಿದರು. ಇದು ಇಂದು ಕರ್ನಾಟಕದ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲಿಯೂ ಇದೆ.

ಕೊನೆಯ ವರ್ಷಗಳು

ಆಕಸ್ಮಿಕ ಮತ್ತು ಅನಿವಾರ್ಯತೆಗಳನ್ನು ಕುರಿತ ಇವರ ತಾತ್ತ್ವಿಕ ಗ್ರಂಥ 1970ರಲ್ಲಿ ಪ್ರಕಟವಾಯಿತು. 1971ರಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾದ ಮೊನೊ, ಅದೇ ಹುದ್ದೆಯಲ್ಲಿರುವಾಗ ಕಾನ್ ನಗರದಲ್ಲಿ ನಿಧನರಾದರು.