ಮೂರು ಸಲ ಫೇಲಾದವನ ಮದ್ದಿನ ಪುಸ್ತಕ

ಸುಮಾರು 500 ವರ್ಷಗಳ ಹಿಂದೆ ಚೀನಾದಲ್ಲಿ ಒಬ್ಬ ಹುಡುಗನಿದ್ದ. ಸರ್ಕಾರಿ ಅಧಿಕಾರಿಯಾಗಲು ಅಲ್ಲಿ ಹಂತ ಹಂತವಾಗಿ ಪರೀಕ್ಷೆ ಬರೆಯಬೇಕಿತ್ತು. ಮೊದಲ ಹಂತವನ್ನು 14ನೇ ವಯಸ್ಸಿಗೇ ಪಾಸು ಮಾಡಿದ. ಎರಡನೇ ಹಂತದ ಪ್ರಾಂತೀಯ ಪರೀಕ್ಷೆಗೆ 3 ಸಲ ಕೂತ, 3 ಸಲವೂ ಫೇಲಾದ. ಕೊನೆಯ ಸಲ ಫೇಲಾದಾಗ ವಯಸ್ಸು 23ರ ಆಸುಪಾಸು. ಕೆಪಿಎಸ್‌ಸಿ, ಪಿಎಸ್‌ಐ ಅಧಿಸೂಚನೆಗಾಗಿ ಕಾಯುತ್ತಾ ಲೈಬ್ರರಿಯಲ್ಲಿ ಕೂತಿರುವ ನಮ್ಮ ಅಣ್ಣಂದಿರು ಅಕ್ಕಂದಿರಿಗೆ ಈ ವಯಸ್ಸಿನ ಲೆಕ್ಕ ವಿವರಿಸಿ ಹೇಳಬೇಕಿಲ್ಲ.

ಆ ಹುಡುಗನ ಹೆಸರು ಲಿ ಶಿಜೆನ್. ಹುಟ್ಟಿದ್ದು 1518ರಲ್ಲಿ, ಈಗಿನ ಹುಬೈ ಪ್ರಾಂತ್ಯದ ಕಿಝೌ ಎಂಬ ಊರಿನಲ್ಲಿ. ತಾತ ಗಂಟೆ ಅಲ್ಲಾಡಿಸುತ್ತಾ ಊರೂರು ತಿರುಗಿ ಮದ್ದು ಕೊಡುತ್ತಿದ್ದ ವೈದ್ಯ. ಅಪ್ಪ ಲಿ ಯಾನ್‌ವೆನ್ ಕೂಡ ವೈದ್ಯನೇ, ಒಳ್ಳೆಯ ಹೆಸರಿದ್ದವನು. ಆದರೆ ಆಗಿನ ಚೀನಾದಲ್ಲಿ ವೈದ್ಯನಿಗೆ ಅಂಥ ಮರ್ಯಾದೆ ಇರಲಿಲ್ಲ, ಮರ್ಯಾದೆಯೆಲ್ಲ ಪರೀಕ್ಷೆ ಪಾಸಾಗಿ ಅಧಿಕಾರಿಯಾದವನಿಗೆ. ಮಗನಾದರೂ ಆ ಕಡೆಗೆ ಹೋಗಲಿ ಎಂಬುದು ಅಪ್ಪನ ಆಸೆ. ಇಂದು ಮಕ್ಕಳಿಗೆ ನೀಟ್ ಬರೆಸಲು ಒದ್ದಾಡುವ ಅಪ್ಪ ಅಮ್ಮಂದಿರಿಗೆ ಇದು ತಲೆಕೆಳಗಾದ ಲೋಕದಂತೆ ಕಾಣಬಹುದು.

ಪರೀಕ್ಷೆಗಳ ನಡುವೆ, ಸುಮಾರು 20ನೇ ವಯಸ್ಸಿನಲ್ಲಿ, ಲಿ ಕಾಯಿಲೆ ಬಿದ್ದ. ಈ ಪ್ರಸಂಗವನ್ನು ಆತನೇ ಮುಂದೆ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಮೊದಲು ಬಂದದ್ದು ಬರೀ ನೆಗಡಿ ಕೆಮ್ಮು. ಅದನ್ನು ಕಡೆಗಣಿಸಿದ್ದಕ್ಕೆ ಜ್ವರ ಬಿಡಲೇ ಇಲ್ಲ. ಮೈ ಬೆಂಕಿಯಂತಾಯಿತು, ದಿನಾ ಬಟ್ಟಲುಗಟ್ಟಲೆ ಕಫ, ನಿದ್ದೆಯಿಲ್ಲ, ಊಟವಿಲ್ಲ. ಗೊತ್ತಿದ್ದ ಗಿಡಮೂಲಿಕೆಗಳನ್ನೆಲ್ಲ ತಿಂಗಳಿಗಿಂತ ಹೆಚ್ಚು ಕಾಲ ಕುಡಿದ. ಕಾಯಿಲೆ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಉಳಿಯುವುದಿಲ್ಲ ಎಂದು ಎಲ್ಲರೂ ಕೈಚೆಲ್ಲಿದಾಗ, ಅಪ್ಪ ಹಳೆಯ ವೈದ್ಯಗ್ರಂಥವೊಂದನ್ನು ನೆನಪಿಸಿಕೊಂಡು ಹುವಾಂಗ್‌ಚಿನ್ ಎಂಬ ಒಂದೇ ಒಂದು ಬೇರಿನ ಕಷಾಯ ಮಾಡಿ ಕುಡಿಸಿದ. ಮರುದಿನ ಜ್ವರ ಇಳಿಯಿತು, ಆಮೇಲೆ ಕಫವೂ ಕಡಿಮೆಯಾಯಿತು.

ಇದನ್ನು ಪವಾಡ ಎಂದು ಓದಿಕೊಳ್ಳುವ ಅಗತ್ಯವಿಲ್ಲ. ನನಗೆ ಮುಖ್ಯ ಅನಿಸಿದ್ದು ಮೊದಲ ಅರ್ಧ. ಅರೆಬರೆ ತಿಳಿವಳಿಕೆಯಲ್ಲಿ ಸಿಕ್ಕಿದ್ದನ್ನೆಲ್ಲ ಕುಡಿದವನು ಸ್ವತಃ ವೈದ್ಯನ ಮಗ. ಅವನಿಗೇ ಹೀಗಾದರೆ ಯೂಟ್ಯೂಬ್ ನೋಡಿ ಕಷಾಯ ಕಾಯಿಸುವ ನಮ್ಮ ಗತಿ ಏನು? ಇನ್ನು ಆ ಹುವಾಂಗ್‌ಚಿನ್ ಬೇರಿನಲ್ಲಿರುವ ಬೈಕಾಲಿನ್ ಎಂಬ ರಾಸಾಯನಿಕದ ಮೇಲೆ ಇಂದಿಗೂ ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆಯುತ್ತಿದೆ. ಜೊತೆಗೆ, ಅದೇ ಬೇರಿರುವ ಮಾತ್ರೆಗಳಿಂದ ಅಪರೂಪಕ್ಕೆ ಕೆಲವರ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ.

ಮೂರನೇ ಸಲ ಫೇಲಾದ ಮೇಲೆ ಲಿ ಅಪ್ಪನ ಬಳಿಯೇ ವೈದ್ಯ ಕಲಿಯಲು ಕೂತ. ಚೀನೀ ವೈದ್ಯ ಎಂದರೆ ನಮಗೆ ತಟ್ಟನೆ ನೆನಪಾಗುವುದು ಸೂಜಿ ಚುಚ್ಚುವ ಅಕ್ಯುಪಂಕ್ಚರ್. ಆದರೆ ಅದರ ದೊಡ್ಡ ಭಾಗ ಮೂಲಿಕೆಗಳದ್ದೇ. ನಮ್ಮ ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಇದ್ದಂತೆ ಅಲ್ಲಿ ಯಿನ್ ಮತ್ತು ಯಾಂಗ್ ಎಂಬ ಎರಡು ಗುಣಗಳು, ದೇಹದಲ್ಲಿ ಹರಿಯುವ ಚಿ ಎಂಬ ಶಕ್ತಿ. ಇವುಗಳ ಸಮತೋಲ ತಪ್ಪಿದರೆ ರೋಗ ಎಂಬುದು ಲೆಕ್ಕಾಚಾರ. ನಾಡಿ ಹಿಡಿದು, ನಾಲಗೆ ನೋಡಿ ರೋಗ ಗುರುತಿಸುತ್ತಾರೆ. ನಾಲ್ಕಾರು ಮೂಲಿಕೆ ಸೇರಿಸಿ ರೋಗಿಗೆ ತಕ್ಕಂತೆ ಕಷಾಯ ಕೊಡುತ್ತಾರೆ. 1564ರಲ್ಲಿ ಲಿ ನಾಡಿಯ ಬಗ್ಗೆಯೇ ಒಂದು ಪುಸ್ತಕ ಬರೆದ. ಅದರಲ್ಲಿ 27 ಬಗೆಯ ನಾಡಿಗಳನ್ನು ವಿವರಿಸಿದ್ದಾನೆ, ಕಲಿಯುವವರ ಬಾಯಿಗೆ ಬರಲಿ ಎಂದು ಪದ್ಯದಲ್ಲಿ.

ವೈದ್ಯನಾಗಿ ಹೆಸರು ಬಂತು. ರಾಜವಂಶದವರೊಬ್ಬರ ಮನೆಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಂದ ಬೀಜಿಂಗ್‌ನ ಅರಮನೆಯ ವೈದ್ಯಶಾಲೆಗೂ ಹೋಗಿಬಂದ ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಆಗಿನ ಚಕ್ರವರ್ತಿ ಜಿಯಾಜಿಂಗ್‌ಗೆ ಸಾವಿಲ್ಲದ ಬಾಳಿನ ಹುಚ್ಚು. ಪಾದರಸ, ಸೀಸ ಹಾಕಿ ತಯಾರಿಸಿದ ಗುಳಿಗೆಗಳನ್ನು ನುಂಗುತ್ತಿದ್ದ. ಹಳೆಯ ಔಷಧ ಗ್ರಂಥಗಳಲ್ಲಿ ಕೆಲವು ಪಾದರಸಕ್ಕೆ ವಿಷವಿಲ್ಲ, ಬಹುಕಾಲ ಸೇವಿಸಿದರೆ ಅಮರತ್ವ ಸಿಗುತ್ತದೆ ಎಂದೇ ಬರೆದಿದ್ದವು. ಲಿ ಇದನ್ನು ನೇರವಾಗಿ ಅಲ್ಲಗಳೆದ. ಬದುಕಿನ ದುರಾಸೆಗೆ ಬಿದ್ದು ಪಾದರಸ ತಿಂದು ಅಂಗ ಕಳೆದುಕೊಂಡವರು, ಸತ್ತವರು ಲೆಕ್ಕವಿಲ್ಲದಷ್ಟು ಎಂದು ದಾಖಲಿಸಿದ. ಸೀಸದ ಗಣಿಯಲ್ಲಿ ತಿಂಗಳುಗಟ್ಟಲೆ ದುಡಿದವರ ಮೈ ಹಳದಿಗಟ್ಟಿ, ಹೊಟ್ಟೆ ಉಬ್ಬಿ, ಊಟ ಸೇರದೆ ಸಾಯುವುದನ್ನೂ ಬರೆದ. ಚಕ್ರವರ್ತಿ ನುಂಗುವ ವಸ್ತುವಿನ ಬಗ್ಗೆ ಹೀಗೆ ಬರೆಯಲು ಎಷ್ಟು ಧೈರ್ಯ ಬೇಕು ಯೋಚಿಸಿ. ಹಾಗೆಂದು ಪಾದರಸವನ್ನು ವೈದ್ಯದಿಂದ ಪೂರ್ತಿ ಹೊರಗೂ ಹಾಕಲಿಲ್ಲ, ಕೆಲವು ರೋಗಗಳಿಗೆ ಅದರಿಂದ ಉಪಯೋಗವಿದೆ ಎಂದೇ ನಂಬಿದ್ದ. ಅವನ ಕಾಲಕ್ಕೆ ಅಷ್ಟು.

ಹಳೆಯ ಪುಸ್ತಕಗಳಲ್ಲಿ ಇಂಥ ತಪ್ಪುಗಳು ತುಂಬಿದ್ದವು. ಎರಡು ಬೇರೆ ಬೇರೆ ಗಿಡಗಳು ಒಂದೇ ಹೆಸರಿನಲ್ಲಿ, ಒಂದೇ ಗಿಡ ಎರಡು ಹೆಸರಿನಲ್ಲಿ. ವೈದ್ಯ ಬರೆದುಕೊಟ್ಟದ್ದು ಒಂದು, ಅಂಗಡಿಯವನು ಕಟ್ಟಿಕೊಟ್ಟದ್ದು ಇನ್ನೊಂದು ಆದರೆ ಸಾಯುವವನು ರೋಗಿ. 1552ರಲ್ಲಿ ಲಿ ಎಲ್ಲವನ್ನೂ ಮೊದಲಿಂದ ತಿದ್ದಿ ಬರೆಯಲು ಕೂತ. ಮುಗಿದದ್ದು 1578ಕ್ಕೆ. ಸುಮಾರು 800 ಪುಸ್ತಕ ಓದಿದ, ಇಡೀ ಹಸ್ತಪ್ರತಿಯನ್ನು 3 ಸಲ ತಿದ್ದಿ ಬರೆದ. ಓದಿದ್ದು ಸಾಲದೆ ರೈತರು, ಬೇಟೆಗಾರರು, ಮೀನುಗಾರರು, ಕಟ್ಟಿಗೆ ಕಡಿಯುವವರನ್ನು ಕೇಳಿದ.

ಅವನ ಊರಿನ ಒಂದು ಹಾವು ಔಷಧಿಗೆ ಹೆಸರುವಾಸಿಯಾಗಿತ್ತು. ಬೇಡಿಕೆ ಹೆಚ್ಚಿದ್ದರಿಂದ ಬೇರೆ ಕಡೆಯ ಹಾವುಗಳನ್ನು ಅದೇ ಹೆಸರಿನಲ್ಲಿ ಮಾರುತ್ತಿದ್ದರು. ಅಸಲಿಯ ಪಕ್ಕೆಯ ಮೇಲೆ 24 ಚೌಕದ ಗುರುತು, ಹೊಟ್ಟೆಯ ಮೇಲೆ ಜಪಮಣಿಯಂಥ ಚುಕ್ಕೆ, ಬಾಯಲ್ಲಿ 4 ಉದ್ದ ಹಲ್ಲು ಎಂದು ಲಿ ಬರೆದಿಟ್ಟ. ಕೊಳ್ಳುವವರು ಮೋಸ ಹೋಗದಿರಲು ಇದಕ್ಕಿಂತ ಇನ್ನೇನು ಬೇಕು? ಚಿಪ್ಪುಹಂದಿ ಇರುವೆ ತಿನ್ನುವುದು ನಿಜವೇ ಎಂದು ಅದರ ಹೊಟ್ಟೆ ಸೀಳಿಸಿ ನೋಡಿದ, ತುಂಬಾ ಇರುವೆಗಳಿದ್ದವು. ನಮ್ಮ ಕಡೆ ತಿಪ್ಪೆಯ ಪಕ್ಕದಲ್ಲೆಲ್ಲ ಬೆಳೆಯುವ ಉಮ್ಮತ್ತಿ ಇದೆಯಲ್ಲ, ಅದರ ಜಾತಿಯ ಹೂವನ್ನು ಮದ್ಯದಲ್ಲಿ ಕುಡಿದರೆ ಮನುಷ್ಯ ನಗುತ್ತಾನೆ, ಕುಣಿಯುತ್ತಾನೆ ಎಂಬ ಮಾತಿತ್ತು. ಅದನ್ನೂ ತಾನೇ ಪರೀಕ್ಷಿಸಿ ನೋಡಿದೆ ಎಂದು ಬರೆದಿದ್ದಾನೆ. ಗಾಯ ಕೊಯ್ಯುವ ಮೊದಲು ನೋವು ತಿಳಿಯದಂತೆ ಕೊಡಲು ಇದು ಬಳಕೆಯಾಗುವುದನ್ನೂ ಹೇಳಿದ್ದಾನೆ. ಯಾರೂ ಈ ಪ್ರಯೋಗಕ್ಕೆ ಕೈ ಹಾಕಬೇಡಿ. ಉಮ್ಮತ್ತಿ ಕಾಯಿ ಪ್ರಾಣ ತೆಗೆಯಬಲ್ಲ ವಿಷ.

ಪುಸ್ತಕದ ಹೆಸರು ಬೆನ್‌ಸಾವೊ ಗಾಂಗ್‌ಮು. ಗಾಂಗ್ ಎಂದರೆ ಬಲೆಯ ಮುಖ್ಯ ಹಗ್ಗ, ಮು ಎಂದರೆ ಬಲೆಯ ಕಣ್ಣು. 52 ಸಂಪುಟ, 1,892 ಔಷಧ ವಸ್ತುಗಳು, ಅದರಲ್ಲಿ 374 ಅವನೇ ಹೊಸದಾಗಿ ಸೇರಿಸಿದ್ದು, 11,000ಕ್ಕೂ ಹೆಚ್ಚು ಔಷಧಿ ಸೂತ್ರಗಳು. ಒಟ್ಟು 16 ವಿಭಾಗ: ನೀರು, ಬೆಂಕಿ, ಮಣ್ಣು, ಲೋಹ ಮತ್ತು ಕಲ್ಲಿನಿಂದ ಶುರುವಾಗಿ ಹುಲ್ಲು, ಧಾನ್ಯ, ಮರ, ಹುಳು, ಹಕ್ಕಿ, ಪ್ರಾಣಿ ದಾಟಿ ಮನುಷ್ಯನವರೆಗೆ. ಪ್ರತಿ ವಸ್ತುವಿಗೂ ಹೆಸರಿನ ಮೂಲ, ಸಿಗುವ ಜಾಗ, ಹಿಂದಿನವರ ತಪ್ಪಿನ ತಿದ್ದುಪಡಿ, ಶುದ್ಧಿ ಮಾಡುವ ಕ್ರಮ, ಗುಣ, ಯಾವ ರೋಗಕ್ಕೆ ಎಂಬ ತಲೆಬರಹಗಳು. ನಾಲ್ಕನೇ ಸೆಮಿಸ್ಟರ್‌ನಲ್ಲಿ ಡೇಟಾಬೇಸ್ ಪಾಠ ಓದಿದ ಯಾರಿಗಾದರೂ ಇದು ಟೇಬಲ್, ಕಾಲಂ ಎಂದು ಅರ್ಥವಾಗುತ್ತದೆ. ತಪ್ಪಿನ ತಿದ್ದುಪಡಿಗೇ ಒಂದು ಕಾಲಂ ಇಟ್ಟದ್ದು ನನಗೆ ಬಹಳ ಹಿಡಿಸಿತು.

ಹುಳುಗಳ ವಿಭಾಗದಲ್ಲಿ ನಮ್ಮ ಶಿಡ್ಲಘಟ್ಟದವರಿಗೆ ಬೆರಗಾಗುವ ಒಂದು ವಿಷಯವಿದೆ. ರೇಷ್ಮೆ ಸಾಕುವ ಮನೆಗಳಲ್ಲಿ ಸುಣ್ಣಕಟ್ಟು ರೋಗ ಬಂತೆಂದರೆ ಮುಗಿಯಿತು. ಹುಳು ಬಿಳಿ ಬೂಜು ಹಿಡಿದು ಸುಣ್ಣದ ಕಡ್ಡಿಯಂತೆ ಗಟ್ಟಿಯಾಗುತ್ತದೆ. ನಾಲ್ಕನೇ ಜ್ವರ ಎದ್ದ ಹುಳು ಹೀಗಾದರೆ ಸೊಪ್ಪಿನ ಖರ್ಚೂ ಹುಟ್ಟುವುದಿಲ್ಲ, ಆರಿಸಿ ಸುಡುತ್ತೇವೆ. ಚೀನಾದಲ್ಲಿ ಇದೇ ಸತ್ತ ಹುಳು ಔಷಧಿ! ಸೆಟೆದ ರೇಷ್ಮೆಹುಳು ಎಂಬ ಹೆಸರಿನಲ್ಲಿ ಮೂರ್ಛೆಗೆ, ಗಂಟಲುನೋವಿಗೆ ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಹುಳುವಿನ ಹಿಕ್ಕೆ, ಹಿಪ್ಪುನೇರಳೆಯ ಎಲೆ, ಬೇರಿನ ತೊಗಟೆ, ಎಲ್ಲಕ್ಕೂ ಅಲ್ಲಿ ಒಂದೊಂದು ಕೆಲಸ. ಇದನ್ನು ಓದಿ ಯಾರೂ ಸುಣ್ಣಕಟ್ಟಿನ ಹುಳು ಒಣಗಿಸಲು ಹೋಗುವುದು ಬೇಡ. ಮನೆಯಲ್ಲಿಟ್ಟರೆ ಮುಂದಿನ ಬೆಳೆಗೂ ರೋಗ ಹರಡುತ್ತದೆ. ಲಿ ಬರೆದದ್ದೆಲ್ಲ ಸರಿಯೂ ಅಲ್ಲ. ಕೊಳೆತ ಹುಲ್ಲಿನಿಂದ ಮಿಂಚುಹುಳು ಹುಟ್ಟುತ್ತದೆ ಎಂಬ ಹಳೆಯ ನಂಬಿಕೆ ಅವನ ಪುಸ್ತಕದಲ್ಲೂ ಉಳಿದಿದೆ.

ಆದರೆ ಹೆಸರು ಅದಲುಬದಲಾದರೆ ಏನಾಗುತ್ತದೆ ಎಂಬ ಅವನ ಚಿಂತೆ ನಮ್ಮ ಕಾಲದಲ್ಲೇ ನಿಜವಾಯಿತು. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳ ಮಾತ್ರೆ ತಿಂದ 100ಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು, ಹೆಚ್ಚಿನವರು ಹೆಂಗಸರು. ಮುಂದೆ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಫಾಂಗ್‌ಜಿ ಎಂಬ ಹೆಸರು ಹಂಚಿಕೊಂಡ ಎರಡು ಬೇರುಗಳಲ್ಲಿ ಒಂದರ ಬದಲು ಇನ್ನೊಂದು ಮಾತ್ರೆಯೊಳಗೆ ಸೇರಿತ್ತು. ಅದರಲ್ಲಿದ್ದದ್ದು ಅರಿಸ್ಟೋಲೋಕಿಕ್ ಆಮ್ಲ. ಇದು ದೂರದ ಕಥೆ ಎಂದುಕೊಳ್ಳಬೇಡಿ. ಹಾವಿನ ವಿಷಕ್ಕೆ ಮದ್ದೆಂದು ನಮ್ಮ ಹಳ್ಳಿಗಳಲ್ಲಿ ಕೊಡುವ ಈಶ್ವರಿ ಬೇರು ಅದೇ ಕುಲದ್ದು, ಅದರಲ್ಲೂ ಅದೇ ಆಮ್ಲವಿದೆ. ಹಾವು ಕಚ್ಚಿದರೆ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್.

ಆನ್‌ಲೈನ್‌ನಲ್ಲಿ ಹೊಟ್ಟೆ ಕರಗಿಸುವ ಚಹಾ, ಎತ್ತರ ಬೆಳೆಸುವ ಪುಡಿ, ನೆನಪಿನ ಶಕ್ತಿಯ ಕ್ಯಾಪ್ಸೂಲ್ ತರಿಸುವ ಸ್ನೇಹಿತರು ನನ್ನ ಹಾಸ್ಟೆಲ್‌ನಲ್ಲೂ ಇದ್ದಾರೆ. ಡಬ್ಬಿಯ ಮೇಲಿರುವುದು ಓದಲು ಬಾರದ ಲಿಪಿ. ಒಳಗಿರುವುದು ಏನೆಂದು ತಿಳಿಯದಿದ್ದರೆ ತಿನ್ನದಿರುವುದೇ ಕ್ಷೇಮ. ಚೀನೀ ತೂಕ ಇಳಿಕೆ ಮದ್ದುಗಳಲ್ಲಿ ಬಳಸುತ್ತಿದ್ದ ಎಫೆಡ್ರಾ ಇರುವ ಪೂರಕಗಳನ್ನು ಹೃದಯಕ್ಕೆ ಅಪಾಯವೆಂದು ಅಮೆರಿಕ 2004ರಲ್ಲಿ ನಿಷೇಧಿಸಿತು. ಡಾನ್‌ಶೆನ್ ಎಂಬ ಬೇರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು. ನಮಗೆ ಗೊತ್ತಿರುವ ಜ್ಯೇಷ್ಠಮಧುವೂ ಅತಿಯಾದರೆ ಬಿಪಿ ಏರಿಸುತ್ತದೆ. ಹಾಗಾಗಿ ಯಾವ ಮೂಲಿಕೆ ತಿನ್ನುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಮುಚ್ಚಿಡಬಾರದು. ಗರ್ಭಿಣಿಯರು, ಕಿಡ್ನಿ ಲಿವರ್ ತೊಂದರೆ ಇರುವವರಂತೂ ಕೇಳದೆ ಮುಟ್ಟಲೇಬಾರದು. ಅಕ್ಯುಪಂಕ್ಚರ್‌ಗೆ ಹೋದರೆ ಸೂಜಿ ಹೊಸ ಪೊಟ್ಟಣದಿಂದ ನಿಮ್ಮೆದುರೇ ಬಿಚ್ಚಬೇಕು. ಅಂದಹಾಗೆ, ಈ ಸೂಜಿ ವಿದ್ಯೆ ನಮ್ಮ ದೇಶಕ್ಕೆ ಬಂದದ್ದರ ಹಿಂದೆ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ನಂಟಿದೆ. 1938ರಲ್ಲಿ ಅವರ ಜೊತೆ ಚೀನಾದ ಯುದ್ಧಭೂಮಿಗೆ ಹೋಗಿದ್ದ ಕೋಲ್ಕತ್ತದ ಡಾ. ಬಿ.ಕೆ. ಬಸು, 20 ವರ್ಷಗಳ ನಂತರ ಮತ್ತೆ ಅಲ್ಲಿಗೆ ಹೋಗಿ ಅದನ್ನು ಕಲಿತು ಬಂದರು.

ಹಳೆಯ ಪುಸ್ತಕಗಳನ್ನು ಸರಿಯಾಗಿ ಬಳಸಿದ ಉದಾಹರಣೆ ತು ಯೂಯೂ. ಚೀನೀ ವೈದ್ಯಗ್ರಂಥಗಳಲ್ಲಿ ಜ್ವರಕ್ಕೆ ಹೇಳಿದ್ದ ಚಿಂಗ್‌ಹಾವ್ ಗಿಡದಿಂದ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ತೆಗೆದು, 2015ರಲ್ಲಿ ನೊಬೆಲ್ ಪಡೆದರು. ಆ ಗಿಡ ಲಿ ಪುಸ್ತಕದಲ್ಲೂ ಇದೆ. ಆದರೆ ನೊಬೆಲ್ ಬಂದದ್ದು ಗಿಡಕ್ಕಲ್ಲ. ಸಾರ ತೆಗೆದು, ಪ್ರಾಣಿಗಳ ಮೇಲೆ ನೋಡಿ, ಮೊದಲು ತಾವೇ ಸೇವಿಸಿ, ಆಮೇಲೆ ರೋಗಿಗಳಿಗೆ ಕೊಟ್ಟು ಸಾಬೀತು ಮಾಡಿದ ಕೆಲಸಕ್ಕೆ.

ಇನ್ನು ಲಿ ವಿಷಯ. ಪುಸ್ತಕ ಮುಗಿದರೂ ಅಚ್ಚು ಹಾಕುವವರು ಸಿಗಲಿಲ್ಲ. 1580ರಲ್ಲಿ ಹಸ್ತಪ್ರತಿ ಹೊತ್ತು ವಾಂಗ್ ಶಿಜೆನ್ ಎಂಬ ದೊಡ್ಡ ಸಾಹಿತಿಯ ಮನೆಗೆ ಹೋಗಿ ಮುನ್ನುಡಿ ಕೇಳಿದ. ಮುನ್ನುಡಿ ಬಂದದ್ದು 1590ಕ್ಕೆ. ಆಮೇಲೆ ನಾನ್‌ಜಿಂಗ್‌ನ ಒಬ್ಬ ಪ್ರಕಾಶಕ ಒಪ್ಪಿದ. ಮಕ್ಕಳು ಮೊಮ್ಮಕ್ಕಳು ಸೇರಿ ಸಾವಿರಕ್ಕೂ ಹೆಚ್ಚು ಚಿತ್ರಗಳ ಕೆಲಸ ಮಾಡಿದರು. 1593ರಲ್ಲಿ ಲಿ ತೀರಿಕೊಂಡ, ಮುದ್ರಿತ ಪುಸ್ತಕ ಹೊರಬಂದದ್ದು 1596ರಲ್ಲಿ. ಅದೇ ವರ್ಷ ಮಗ ಲಿ ಜಿಯಾನ್‌ಯುವಾನ್ ಒಂದು ಪ್ರತಿಯನ್ನು ಚಕ್ರವರ್ತಿಗೆ ಅರ್ಪಿಸಿದ. ಚಕ್ರವರ್ತಿ ನೋಡಿದ್ದೇನೆ ಎಂದು ಷರಾ ಬರೆದು ಇಲಾಖೆಗೆ ಕಳಿಸಿದ, ಕಡತ ಅಲ್ಲಿಗೇ ನಿಂತಿತು. ಪುಸ್ತಕ ನಿಲ್ಲಲಿಲ್ಲ. 1607ರ ಹೊತ್ತಿಗೆ ಜಪಾನಿಗೆ ಹೋಗಿತ್ತು, ಮುಂದೆ ಯುರೋಪಿನ ಭಾಷೆಗಳಿಗೂ ಅದರ ಭಾಗಗಳು ಅನುವಾದವಾದವು. 2011ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು.