ರಾಜನಿಗೂ ಸಿಗದ ಮಂತ್ರ: ಕೊಲ್ಹಾಪುರದ ಶಾಹೂ ಮಹಾರಾಜರ ಕಥೆ

ನಮ್ಮ ಕನ್ನಡ ಸಂಘದಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರು ಬಹಳ ಜನ ಇದ್ದೇವೆ. ಯಮಕನಮರಡಿಯಿಂದ ಹತ್ತರಗಿಗೆ ಬಂದು ಹೈವೇ ಹಿಡಿದು ಉತ್ತರಕ್ಕೆ ಹೊರಟರೆ ಮೊದಲು ಸಂಕೇಶ್ವರ, ಆಮೇಲೆ ನಿಪ್ಪಾಣಿ, ಕಾಗಲ್, ಕಡೆಗೆ ಕೊಲ್ಹಾಪುರ. ನಮಗೆಲ್ಲ ಕೊಲ್ಹಾಪುರ ಅಂದ್ರೆ ಅಂಬಾಬಾಯಿ ಗುಡಿ, ಚಪ್ಪಲಿ, ಕುಸ್ತಿ. ಆ ಊರಲ್ಲಿ ಎಲ್ಲಿ ನೋಡಿದರೂ ಶಾಹೂ ಮಹಾರಾಜರ ಹೆಸರು ಕಾಣ್ತದೆ. ಆದರೆ ಅವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಅರ್ಧ ಜನ ಶಿವಾಜಿ ಮಹಾರಾಜರ ಮೊಮ್ಮಗ ಅಂದುಬಿಡ್ತಾರೆ. ಆ ಶಾಹೂ ಸಾತಾರದವರು, ಇವರಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನವರು. ನಾವು ಈ ಸಲ ಬರೀತಿರೋದು ನಮ್ಮ ಗಡಿಯಾಚೆಗೇ ಹುಟ್ಟಿ, ನಮ್ಮ ಧಾರವಾಡದಲ್ಲಿ ಓದಿದ ಶಾಹೂ ಬಗ್ಗೆ.

1874ರ ಜೂನ್ 26ರಂದು ಕಾಗಲ್‌ನ ಘಾಟಗೆ ಮನೆತನದಲ್ಲಿ ಹುಟ್ಟಿದ ಹುಡುಗನ ಹೆಸರು ಯಶವಂತರಾವ್. ಕೊಲ್ಹಾಪುರದ ಗಾದಿಗೆ ವಾರಸುದಾರರಿಲ್ಲದೆ, 1884ರಲ್ಲಿ ರಾಣಿ ಆನಂದಿಬಾಯಿ ಇವರನ್ನು ದತ್ತು ತಗೊಂಡರು. ಹತ್ತು ವರ್ಷದ ಹುಡುಗ ಶಾಹೂ ಛತ್ರಪತಿ ಆದ. ರಾಜಕೋಟದಲ್ಲಿ ಕೆಲವು ವರ್ಷ ಓದಿ, 1890ರಿಂದ ಸುಮಾರು ನಾಲ್ಕು ವರ್ಷ ಧಾರವಾಡದಲ್ಲಿ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಕೆಳಗೆ ಕಲಿತರು. 1894ರ ಏಪ್ರಿಲ್ 2ರಂದು ಅಧಿಕಾರ ಕೈಗೆ ಬಂತು. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಹೆಚ್ಚುಕಮ್ಮಿ ನಮ್ಮದೇ ವಯಸ್ಸು.

ಅವರ ಬದುಕು ತಿರುಗಿದ್ದು ನದಿಯ ದಂಡೆಯಲ್ಲಿ. 1899ರ ಸುಮಾರಿಗೆ, ಕಾರ್ತಿಕ ಮಾಸದ ಒಂದು ಬೆಳಗಿನ ಜಾವ ಮಹಾರಾಜರು ಪಂಚಗಂಗೆಯಲ್ಲಿ ಸ್ನಾನ ಮಾಡುತ್ತಿದ್ದರು. ಪುರೋಹಿತರು ಮಂತ್ರ ಹೇಳ್ತಿದ್ದರು. ಜೊತೆಗಿದ್ದ ವಿದ್ವಾಂಸ ರಾಜಾರಾಮ ಶಾಸ್ತ್ರಿ ಭಾಗವತರಿಗೆ ಏನೋ ತಪ್ಪಿದೆ ಅನಿಸಿತು. ಹೇಳ್ತಿದ್ದುದು ವೇದದ ಮಂತ್ರ ಅಲ್ಲ, ಪುರಾಣದ್ದು. ವೇದೋಕ್ತ ದ್ವಿಜರಿಗೆ, ಪುರಾಣೋಕ್ತ ಶೂದ್ರರಿಗೆ ಅನ್ನೋದು ಅಂದಿನ ಪದ್ಧತಿ. ಕೇಳಿದಾಗ ಪುರೋಹಿತರು ಮುಚ್ಚುಮರೆ ಇಲ್ಲದೆ ಅದನ್ನೇ ಹೇಳಿದರು: ಮಹಾರಾಜರು ಶೂದ್ರರು, ಅವರಿಗೆ ಇಷ್ಟೇ ಸಾಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಾಜನಿಗೆ ಲಾಗಿನ್ ಇತ್ತು, ಪರ್ಮಿಷನ್ ಇರಲಿಲ್ಲ.

ಇದು ಮಂತ್ರದ ಜಗಳವಾಗಿ ಉಳಿಯಲಿಲ್ಲ. ರಾಜಪುರೋಹಿತ ರಾಜೋಪಾಧ್ಯೆಯವರು ಅರಮನೆಯಲ್ಲಿ ವೇದೋಕ್ತ ವಿಧಿ ನಡೆಸಲು ಒಪ್ಪಲಿಲ್ಲ. ಆ ಕೆಲಸಕ್ಕೆಂದೇ ಸಂಸ್ಥಾನ ಅವರಿಗೆ ಇನಾಮು ಭೂಮಿ ಕೊಟ್ಟಿತ್ತು. 1902ರಲ್ಲಿ ಮಹಾರಾಜರು ಆ ಇನಾಮು ಮುಟ್ಟುಗೋಲು ಹಾಕಿದರು. ದೂರು ಬ್ರಿಟಿಷ್ ಅಧಿಕಾರಿಗಳ ತನಕ, ವೈಸರಾಯ್ ತನಕ ಹೋಯಿತು, ಫಲ ಸಿಗಲಿಲ್ಲ. ಲೋಕಮಾನ್ಯ ತಿಲಕರು ಕೇಸರಿ ಪತ್ರಿಕೆಯಲ್ಲಿ ಮಹಾರಾಜರ ವಿರುದ್ಧ ಬರೆದರು. ಸ್ವರಾಜ್ಯಕ್ಕಾಗಿ ಜೈಲಿಗೆ ಹೋದ ನಾಯಕ ಈ ವಿಷಯದಲ್ಲಿ ಸಂಪ್ರದಾಯದ ಪಕ್ಷ ಹಿಡಿದದ್ದು ನಮಗೆ ಇವತ್ತಿಗೂ ಅರಗಿಸಿಕೊಳ್ಳೋಕೆ ಕಷ್ಟ.

ಈ ಜಗಳ ನಮ್ಮ ಹುಕ್ಕೇರಿ ತಾಲೂಕಿಗೂ ಬಂತು. ಕೊಲ್ಹಾಪುರ ಸಂಸ್ಥಾನಕ್ಕೆ ಧಾರ್ಮಿಕ ತೀರ್ಪು ಕೊಡುತ್ತಿದ್ದುದು ಸಂಕೇಶ್ವರ–ಕರವೀರ ಶಂಕರಾಚಾರ್ಯ ಪೀಠ. ನಾವು ಬಸ್ಸಿನಿಂದ ದಿನಾ ನೋಡೋ ಅದೇ ಸಂಕೇಶ್ವರ. ಪೀಠದ ಉತ್ತರಾಧಿಕಾರಿಯನ್ನು ಸಂಸ್ಥಾನದ ಒಪ್ಪಿಗೆ ಇಲ್ಲದೆ ನೇಮಿಸಿದ್ದಕ್ಕೆ ಮಹಾರಾಜರು ಮಠದ ಆಸ್ತಿಯನ್ನೂ ವಶಕ್ಕೆ ತಗೊಂಡರು. ಕೆಲವು ವರ್ಷಗಳಲ್ಲಿ ಪೀಠ ಮಹಾರಾಜರಿಗೆ ವೇದೋಕ್ತದ ಹಕ್ಕು ಇದೆ ಅಂತ ಒಪ್ಪಿಕೊಂಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ಇದು ಒಬ್ಬ ರಾಜ ತನ್ನ ಮಾನ ಉಳಿಸಿಕೊಂಡ ಕಥೆ ಆಗ್ತಿತ್ತು, ಅಷ್ಟೇ. ರಾಜನಾದ ತನಗೇ ಹೀಗಾದರೆ ಉಳಿದವರ ಗತಿ ಏನು ಅನ್ನೋ ಪ್ರಶ್ನೆಯನ್ನು ಶಾಹೂ ಬಿಡಲಿಲ್ಲ. ಅದಕ್ಕೇ ಅವರು ನಮಗೆ ಮುಖ್ಯ ಆಗ್ತಾರೆ.

ಅವರು ಗಾದಿಗೆ ಬಂದಾಗ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. 500 ಗುಮಾಸ್ತರಲ್ಲಿ ಬೇರೆಯವರು ಬರೀ 10. ಗುಡಿಯಲ್ಲಿದ್ದ ಶ್ರೇಣಿಯೇ ಕಚೇರಿಯಲ್ಲೂ ಇತ್ತು. 1902ರ ಜುಲೈ 26ರಂದು, ಇಂಗ್ಲೆಂಡಿನಲ್ಲಿದ್ದಾಗಲೇ, ಖಾಲಿ ಆಗುವ ಹುದ್ದೆಗಳಲ್ಲಿ ಶೇಕಡಾ 50 ಹಿಂದುಳಿದವರಿಗೆ ಮೀಸಲು ಅಂತ ಆಜ್ಞೆ ಹೊರಡಿಸಿದರು. ಇವತ್ತು ನಮ್ಮ ಯಮಕನಮರಡಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸೀಟು ಬೇರೆ, ನೌಕರಿ ಬೇರೆ, ನಿಜ. ಆದರೆ ಹುಟ್ಟಿನಿಂದ ಮುಚ್ಚಿದ ಬಾಗಿಲನ್ನು ಕಾನೂನಿನಿಂದ ತೆಗೀಬೇಕು ಅನ್ನೋ ಯೋಚನೆ ಈ ಸೀಮೆಗೆ ಆಗಲೇ ಬಂದಿತ್ತು.

ಹುದ್ದೆ ಇಟ್ಟರೆ ಸಾಲದು, ಓದಿದವರು ಬೇಕಲ್ಲ? ಹಳ್ಳಿ ಹುಡುಗ ಕೊಲ್ಹಾಪುರಕ್ಕೆ ಓದೋಕೆ ಬಂದರೆ ಉಳಿಯೋದೆಲ್ಲಿ, ಉಣ್ಣೋದೆಲ್ಲಿ? ಅದಕ್ಕೆ 1901ರಿಂದ ಒಂದೊಂದಾಗಿ ಹಾಸ್ಟೆಲ್‌ಗಳು ಎದ್ದವು: ಮರಾಠರಿಗೆ, ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರು ಅನಿಸಿಕೊಂಡವರಿಗೆ. ಮೆಸ್ಸಿನ ಸಾಂಬಾರು ಬೈಯೋ ನಾವು ಒಮ್ಮೆ ಇದನ್ನೂ ನೆನೀಬೇಕು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಉಚಿತ ಆಯಿತು. ಮಕ್ಕಳನ್ನು ಸಾಲಿಗೆ ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. 1919ರಲ್ಲಿ ಅಸ್ಪೃಶ್ಯರ ಬೇರೆ ಶಾಲೆಗಳನ್ನು ಮುಚ್ಚಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕು ಅಂದರು.

ಅರಮನೆಯ ಲಾಯದಲ್ಲಿ ದುಡಿಯುತ್ತಿದ್ದ ಗಂಗಾರಾಮ ಕಾಂಬಳೆಯವರು ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದ್ದಕ್ಕೆ ಹೊಡೆತ ತಿಂದರು. ಮಹಾರಾಜರು ಅವರಿಗೆ ಚಹಾದಂಗಡಿ ಇಡೋಕೆ ದುಡ್ಡು ಕೊಟ್ಟರು. ಜನ ಬರಲಿಲ್ಲ. ಆಗ ತಾವೇ ಪರಿವಾರದೊಂದಿಗೆ ಹೋಗಿ ಆ ಅಂಗಡಿಯ ಚಹಾ ಕುಡಿದರು. ಪರಿವಾರದವರೂ ಕುಡೀಲೇಬೇಕಾಯ್ತು.

ನಮಗೆ ಎಲ್ಲಕ್ಕಿಂತ ಹತ್ತಿರ ಅನಿಸೋದು ಮದುವೆಯ ಕಾನೂನು. 1919ರಲ್ಲಿ ಶಾಹೂ ಅಂತರ್ಜಾತಿ, ಅಂತರ್ಧರ್ಮೀಯ ಮದುವೆಗೆ ಮಾನ್ಯತೆ ಕೊಟ್ಟರು. ಅದೇ ವರ್ಷ ಹೆಂಗಸರ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ, ವಿಚ್ಛೇದನದ ನಿಯಮ ಬಂದವು. 1920ರಲ್ಲಿ ಜೋಗತಿಯರಿಗೆ ಆಸ್ತಿಯ ಹಕ್ಕು ಕೊಡುವ ಕಾನೂನು ಬಂತು. ಸವದತ್ತಿ ಯಲ್ಲಮ್ಮನ ಗುಡ್ಡ ನೋಡಿದ ನಮಗೆ ಅದರ ತೂಕ ಬೇರೆ ಹೇಳಬೇಕಿಲ್ಲ. ಕರ್ನಾಟಕದಲ್ಲಿ ದೇವದಾಸಿ ನಿಷೇಧ ಕಾಯ್ದೆ ಆದದ್ದು 1982ರಲ್ಲಿ.

ಈಗ ನಕಾಶೆ ತೆಗೆದು ನೋಡಿ. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಹುಕ್ಕೇರಿ, ಗೋಕಾಕ ಬ್ರಿಟಿಷರ ಬೆಳಗಾವಿ ಜಿಲ್ಲೆ. ಬ್ರಿಟಿಷ್ ಭಾಗದಲ್ಲಿ 1872ರ ಕಾಯ್ದೆಯಡಿ ಬೇರೆ ಜಾತಿಯವರನ್ನು ಮದುವೆ ಆಗಬೇಕಂದ್ರೆ ತಾವು ಹಿಂದೂ ಧರ್ಮಕ್ಕೇ ಸೇರಿಲ್ಲ ಅಂತ ಬರೆದುಕೊಡಬೇಕಿತ್ತು. ಅದನ್ನು ತಪ್ಪಿಸೋಕೆ 1918ರಲ್ಲಿ ವಿಠ್ಠಲಭಾಯಿ ಪಟೇಲರು ತಂದ ಮಸೂದೆ ಸಂಪ್ರದಾಯಸ್ಥರ ವಿರೋಧದಿಂದ ಪಾಸಾಗಲೇ ಇಲ್ಲ. ಅಂದ್ರೆ ರಾಯಬಾಗದ ಜೋಡಿಗೆ ಇದ್ದ ಹಕ್ಕು, ಪಕ್ಕದ ತಾಲೂಕಿನ ಯಮಕನಮರಡಿ ಜೋಡಿಗೆ ಇರಲಿಲ್ಲ. ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಅದೇ ಜಾತ್ರೆ. ಅಧಿಕಾರದಲ್ಲಿ ಇರೋರು ಯಾರ ಮಾತು ಕೇಳ್ತಾರೆ ಅನ್ನೋದರ ಮೇಲೆ ಒಬ್ಬ ಹುಡುಗಿಯ ಬದುಕು ನಿಂತಿತ್ತು.

ಮನೆಯೊಳಗೂ ಅವರು ಇದೇ ನಿಲುವು ಹಿಡಿದರು. 1918ರಲ್ಲಿ ಕಿರಿಯ ಮಗ ಶಿವಾಜಿ ಬೇಟೆಗೆ ಹೋದಾಗ ಅವಘಡದಲ್ಲಿ ತೀರಿಕೊಂಡ. ಸೊಸೆ ಇಂದುಮತಿ ಇನ್ನೂ ಹುಡುಗಿ. ವಿಧವೆ ಮೂಲೆ ಹಿಡಿದು ಕೂರಬೇಕು ಅನ್ನೋ ಕಾಲದಲ್ಲಿ, ಮನೆಯವರ ವಿರೋಧ ಇದ್ದರೂ ಮಹಾರಾಜರು ಅವಳ ಓದಿಗೆ ವ್ಯವಸ್ಥೆ ಮಾಡಿದರು.

ಎಂಜಿನಿಯರಿಂಗ್ ಓದೋ ನಾವು ರಾಧಾನಗರಿ ಬಿಟ್ಟರೆ ತಪ್ಪಾದೀತು. ಭೋಗಾವತಿ ನದಿಗೆ ಆ ಡ್ಯಾಮಿನ ಕೆಲಸ ಶುರು ಮಾಡಿಸಿದ್ದೂ ಇವರೇ. ದುಡ್ಡಿಲ್ಲದೆ ನಿಂತ ಕೆಲಸ ಪೂರ್ತಿ ಆದದ್ದು ಅವರು ಹೋದ ಎಷ್ಟೋ ವರ್ಷಕ್ಕೆ. ಮಳೆಗಾಲದಲ್ಲಿ ಅದರ ಗೇಟ್ ತೆರೆದ ಸುದ್ದಿ ಬಂದರೆ ಇವತ್ತಿಗೂ ಚಿಕ್ಕೋಡಿ ಕಡೆಯವರು ಕೃಷ್ಣೆಯ ನೀರಿನ ಮಟ್ಟ ನೋಡ್ತಾರೆ.

ಕುಂದು ಇರಲಿಲ್ಲವೇ? ಇತ್ತು. ಬ್ರಿಟಿಷರ ಬೆಂಬಲದ ನೆರಳಲ್ಲೇ ಅವರು ಇದನ್ನೆಲ್ಲ ಮಾಡಿದರು. ಕಾನೂನುಗಳು ಬಂದದ್ದು ಜನರ ಓಟಿನಿಂದ ಅಲ್ಲ, ರಾಜಾಜ್ಞೆಯಿಂದ. 1920ರಲ್ಲಿ ಬ್ರಾಹ್ಮಣೇತರರಿಗಾಗಿ ಕ್ಷಾತ್ರ ಜಗದ್ಗುರು ಪೀಠ ಮಾಡಿದರು. ಒಬ್ಬ ಗುರುವಿನ ಹಿಡಿತ ತಪ್ಪಿಸೋಕೆ ಇನ್ನೊಬ್ಬ ಗುರು ಬೇಕಿತ್ತಾ ಅಂತ ನಾವು ಸಂಘದಲ್ಲಿ ಒಂದು ಸಂಜೆಯೆಲ್ಲ ವಾದ ಮಾಡಿದೆವು. ಒಮ್ಮತ ಬರಲಿಲ್ಲ.

ಆದರೆ ಅದೇ 1920ರ ಮಾರ್ಚಿನಲ್ಲಿ ಮಾಣಗಾಂವ್ ಪರಿಷತ್ತಿಗೆ ಹೋಗಿ, ತಮ್ಮವರದೇ ನಾಯಕ ಸಿಕ್ಕಿದ್ದಾರೆ ಅಂತ ದಲಿತ ಜನರಿಗೆ ಯುವ ಅಂಬೇಡ್ಕರರನ್ನು ತೋರಿಸಿದವರೂ ಅವರೇ. ತಾನೇ ಎಲ್ಲರ ಪರವಾಗಿ ಮಾತಾಡ್ತೀನಿ ಅನ್ನಲಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಆ ವರ್ಷದ ಜುಲೈನಲ್ಲಿ ಹುಬ್ಬಳ್ಳಿಗೆ ಬಂದು ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ವಯಸ್ಸು 48 ಕೂಡ ಆಗಿರಲಿಲ್ಲ.

ಈಗ ನಮಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಧರ್ಮ ಬಿಡಬೇಕಿಲ್ಲ. ಆದರೆ ಮದುವೆಗೆ ಮೂವತ್ತು ದಿನ ಮುಂಚೆ ಹೆಸರು, ವಿಳಾಸ ನೋಟಿಸ್ ಬೋರ್ಡಿಗೆ ಬೀಳ್ತದೆ. ಆ ಮೂವತ್ತು ದಿನ ಯಾರ್ಯಾರು ಬಂದು ಓದ್ತಾರೆ, ಓದಿ ಯಾರ ಮನೆಗೆ ಹೋಗ್ತಾರೆ ಅನ್ನೋದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ಸಲ ರಜೆಗೆ ಊರಿಗೆ ಹೋಗುವಾಗ ಸಂಕೇಶ್ವರ ದಾಟಿ ಕೊಲ್ಹಾಪುರದ ತನಕ ಹೋಗಿ ಬನ್ನಿ. ಪಂಚಗಂಗೆಯ ಘಾಟಿನಲ್ಲಿ ಐದು ನಿಮಿಷ ಕೂತು ಬರ್ರಿ.