ಸಮತೋಲನವನ್ನು ಅರಸಿದ ಕೀಟತಜ್ಞ ನಿಕೋಲ್ಸನ್

ಒಂದು ವರ್ಷ ಹೊಲವನ್ನೇ ನುಂಗುವ ಹುಳು ಮರುವರ್ಷ ಹುಡುಕಿದರೂ ಸಿಗದಿರುವುದು ಕೃಷಿಕರಿಗೆ ಹೊಸ ಸಂಗತಿಯಲ್ಲ. ಈ ಏರಿಳಿತಕ್ಕೆ ಕಡಿವಾಣ ಹಾಕುವ ಶಕ್ತಿ ಯಾವುದು? ಈ ಪ್ರಶ್ನೆಯ ಬೆನ್ನುಹತ್ತಿ ದಶಕಗಳನ್ನೇ ಕಳೆದವರು ಆಸ್ಟ್ರೇಲಿಯದ ಕೀಟಶಾಸ್ತ್ರಜ್ಞ ಅಲೆಕ್ಸಾಂಡರ್ ಜಾನ್ ನಿಕೋಲ್ಸನ್.

1895ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ನಿಕೋಲ್ಸನ್, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದ ಅವರು, 1921ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ಉಪನ್ಯಾಸಕರಾಗಿ ಆಸ್ಟ್ರೇಲಿಯಕ್ಕೆ ಬಂದರು. ಜೀವಿಗಳ ಸಂಖ್ಯೆಯನ್ನು ಹವಾಮಾನವೊಂದೇ ನಿರ್ಧರಿಸಲಾರದು; ಸಂಖ್ಯೆ ಹೆಚ್ಚಿದಂತೆ ಬಿಗಿಯಾಗುವ ಸ್ಪರ್ಧೆಯೇ ಸಮತೋಲನ ತರುತ್ತದೆ ಎಂಬುದು ಅವರ ದೃಢ ನಂಬಿಕೆಯಾಗಿತ್ತು. 1933ರ ಪ್ರಬಂಧದಲ್ಲಿ ಅವರು ಇದನ್ನು ವಿವರವಾಗಿ ಮಂಡಿಸಿದರು.

ನಂಬಿಕೆಯನ್ನು ಗಣಿತಕ್ಕೆ ಒಡ್ಡಲು ಅವರಿಗೆ ನೆರವಾದವರು ಅದೇ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಿಕ್ಟರ್ ಆಲ್ಬರ್ಟ್ ಬೇಲಿ. ಇಬ್ಬರೂ ಆರಿಸಿಕೊಂಡದ್ದು ಪರೋಪಜೀವಿ ಕಣಜಗಳನ್ನು. ಈ ಕಣಜ ಬೇರೊಂದು ಕೀಟದ ಮರಿಹುಳುವಿನಲ್ಲಿ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿ ಆ ಹುಳುವನ್ನೇ ತಿಂದು ಬೆಳೆಯುತ್ತದೆ. ಹೀಗಾಗಿ ಲೆಕ್ಕ ಸರಳ. ಕಣಜಕ್ಕೆ ಸಿಗದೆ ಉಳಿದ ಹುಳುಗಳಿಂದ ಮುಂದಿನ ಪೀಳಿಗೆಯ ಹುಳುಗಳು, ಸಿಕ್ಕ ಹುಳುಗಳಿಂದ ಮುಂದಿನ ಪೀಳಿಗೆಯ ಕಣಜಗಳು. ಪ್ರತಿ ಕಣಜವೂ ಗೊತ್ತುಗುರಿಯಿಲ್ಲದೆ ಅಲೆದು ನಿರ್ದಿಷ್ಟ ವಿಸ್ತೀರ್ಣವನ್ನು ಶೋಧಿಸುತ್ತದೆ ಎಂದು ಅವರು ಭಾವಿಸಿದರು.

1935ರಲ್ಲಿ ಪ್ರಕಟವಾದ ಈ ಲೆಕ್ಕದ ಉತ್ತರ ವಿಚಿತ್ರವಾಗಿತ್ತು. ಎರಡೂ ಜೀವಿಗಳು ಸ್ಥಿರವಾಗಿ ನಿಲ್ಲಬಲ್ಲ ಸಂಖ್ಯೆಯೇನೋ ಇತ್ತು. ಆದರೆ ಅಲ್ಲಿಂದ ಕೊಂಚ ಜರುಗಿದರೂ ಮರಳಿ ಬರುವಂತಿರಲಿಲ್ಲ. ಹುಳುಗಳು ತುಸು ಹೆಚ್ಚಿದರೆ ಮುಂದಿನ ಪೀಳಿಗೆಯಲ್ಲಿ ಕಣಜಗಳು ಹೆಚ್ಚುತ್ತವೆ. ಅವು ಹುಳುಗಳನ್ನು ಮಿತಿಮೀರಿ ಕೊಲ್ಲುತ್ತವೆ. ಬಳಿಕ ಆಸರೆಯಿಲ್ಲದೆ ಕಣಜಗಳೇ ಕುಸಿದು, ಹುಳುಗಳು ಮತ್ತೆ ಉಕ್ಕುತ್ತವೆ. ಒಂದು ಪೀಳಿಗೆ ತಡವಾಗಿ ಬರುವ ಈ ಪ್ರತಿಕ್ರಿಯೆಯಿಂದ ಪ್ರತಿ ಅಲೆಯೂ ಹಿಂದಿನದಕ್ಕಿಂತ ದೊಡ್ಡದಾಗುತ್ತಿತ್ತು.

ಸಮತೋಲನದ ಪ್ರತಿಪಾದಕರಿಗೆ ಇದು ನುಂಗಲಾರದ ತುತ್ತು. ಆದರೂ ನಿಕೋಲ್ಸನ್ ಫಲಿತಾಂಶವನ್ನು ಮರೆಮಾಚಲಿಲ್ಲ. ವಿಶಾಲ ಪ್ರದೇಶದಲ್ಲಿ ಜೀವಿಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆಯುತ್ತವೆ. ಒಂದೆಡೆ ಅಳಿದರೂ ಇನ್ನೊಂದೆಡೆ ಹೊಸ ಗುಂಪು ಹುಟ್ಟಿಕೊಳ್ಳುತ್ತದೆ ಎಂಬುದು ಅವರ ಸಮಾಧಾನವಾಗಿತ್ತು.

1936ರಲ್ಲಿ ಕ್ಯಾನ್‌ಬೆರಾದ ಸರ್ಕಾರಿ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಅವರು 1960ರವರೆಗೆ ಆ ಹೊಣೆ ಹೊತ್ತರು. ಕುರಿಗಳನ್ನು ಕಾಡುವ ನೊಣಗಳನ್ನು ಪಂಜರದಲ್ಲಿ ಸಾಕಿ, ಆಹಾರವನ್ನು ಮಿತಗೊಳಿಸಿ ಸಂಖ್ಯೆಯನ್ನು ಎಣಿಸಿದರು. ಕೆಲವೊಮ್ಮೆ ಸಾವಿರಾರು, ಕೆಲವೊಮ್ಮೆ ಬೆರಳೆಣಿಕೆಯಷ್ಟು! 1954ರಲ್ಲಿ ಪ್ರಕಟವಾದ ಈ ಪ್ರಯೋಗಗಳ ಅಂಕಿಅಂಶಗಳನ್ನು ದಶಕಗಳ ನಂತರವೂ ಗಣಿತಜ್ಞರು ವಿಶ್ಲೇಷಿಸಿದರು. ಅದೇ ವರ್ಷ ಆಂಡ್ರಿವಾರ್ತಾ ಮತ್ತು ಬರ್ಚ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು ಅವರ ಸಿದ್ಧಾಂತವನ್ನು ತಮ್ಮ ಗ್ರಂಥದಲ್ಲಿ ಕಟುವಾಗಿ ಪ್ರಶ್ನಿಸಿದರು. ವಾದ ವರ್ಷಗಟ್ಟಲೆ ನಡೆಯಿತು.

ನಿಕೋಲ್ಸನ್ 1969ರಲ್ಲಿ ನಿಧನರಾದರು. 1970ರ ದಶಕದಲ್ಲಿ ಮೈಕೆಲ್ ಹ್ಯಾಸೆಲ್, ರಾಬರ್ಟ್ ಮೇ ಮೊದಲಾದವರು ಹಳೆಯ ಸಮೀಕರಣವನ್ನು ಮತ್ತೆ ಕೈಗೆತ್ತಿಕೊಂಡರು. ಕಣಜಗಳ ದಾಳಿ ಎಲ್ಲ ಹುಳುಗಳ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಕೆಲವು ಹುಳುಗಳು ಪದೇ ಪದೇ ತುತ್ತಾದರೆ ಇನ್ನು ಕೆಲವು ಪೂರ್ತಿ ಪಾರಾಗುತ್ತವೆ. ಈ ಅಸಮಾನತೆ ಸಾಕಷ್ಟಿದ್ದರೆ ಸಂಖ್ಯೆ ಸ್ಥಿರವಾಗುತ್ತದೆಂದು ಮೇ 1978ರಲ್ಲಿ ತೋರಿಸಿಕೊಟ್ಟರು. ಪೀಡೆಯನ್ನು ಕಣಜದಿಂದ ಹತೋಟಿಯಲ್ಲಿಡುವ ಜೈವಿಕ ವಿಧಾನಕ್ಕೆ ಇದರಿಂದ ಸೈದ್ಧಾಂತಿಕ ಬಲ ದೊರೆಯಿತು. ನಿಕೋಲ್ಸನ್ ಕಂಡ ಸಮತೋಲನ ಕೇವಲ ಕನಸಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದ ಕೊಂಡಿಯೊಂದು ಅವರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೆ.